ರಿಪೋರ್ಟಿನಲ್ಲಿದ್ದ 'ಡೆತ್'

"ಮಾವನ ರಿಪೋರ್ಟಿನಾಗ ಡೆತ್ ಅಂತ ಬರ್ದಾರವಾ..." ಅತ್ತೆ ಫೋನಿನಲ್ಲಿ ಅಳುತ್ತಿದ್ದರು. ಪಕ್ಕದ ಮನೆ ಹುಡುಗ ಓದಿ ಹೇಳಿದ್ದನಂತೆ. ಲ್ಯಾಬಿನವರು ಲಕೋಟೆ ಕೊಟ್ಟು ಕಳಿಸಿದ್ದರು, ಬಿಡಿಸಿ ಹೇಳಿದವರು ಯಾರೂ ಇಲ್ಲ. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ನಾನು ದಾವಣಗೆರೆಯಲ್ಲಿ ಪಿಯು ಮಕ್ಕಳಿಗೆ ಜೀವಶಾಸ್ತ್ರ ಹೇಳುವವಳು. ಕಾಲೇಜು ಮುಗಿಸಿ ನೇರ ಅವರ ಮನೆಗೆ ಹೋದೆ. ಮಾವ ಮೂವತ್ತು ವರ್ಷ ಮಂಡಕ್ಕಿ ಭಟ್ಟಿಯ ಹೊಗೆಯಲ್ಲಿ ದುಡಿದವರು, ಮೇಲೆ ಬೀಡಿ; ಈಗ ಶ್ವಾಸಕೋಶದ ಕ್ಯಾನ್ಸರ್. ರಿಪೋರ್ಟಿನಲ್ಲಿದ್ದದ್ದು 'ಪ್ರೋಗ್ರಾಮ್ಡ್ ಡೆತ್ ಲೈಗ್ಯಾಂಡ್ 1, ಶೇ. 60'. ಅದು ಮಾವನ ಸಾವಿನ ಲೆಕ್ಕವಲ್ಲ, ಒಂದು ಪ್ರೋಟೀನಿನ ಹೆಸರು. ನೂರು ಕ್ಯಾನ್ಸರ್ ಕೋಶಗಳಲ್ಲಿ ಅರವತ್ತರ ಮೈಮೇಲೆ ಅದು ಇದೆ ಎಂದಷ್ಟೇ ಅರ್ಥ. ನಮ್ಮ ರಕ್ಷಣಾ ಪಡೆಯ ಟಿ-ಕೋಶಗಳ ಮೇಲೆ ಪಿಡಿ-1, ಅಂದರೆ 'ಪ್ರೋಗ್ರಾಮ್ಡ್ ಡೆತ್ 1', ಎಂಬ ಬ್ರೇಕ್ ಇರುತ್ತದೆ. ಕ್ಯಾನ್ಸರ್ ಕೋಶ ಈ ಪ್ರೋಟೀನಿನಿಂದ ಆ ಬ್ರೇಕನ್ನು ಒತ್ತಿ ಹಿಡಿದು ಬಚಾವಾಗುತ್ತದೆ. 1992ರಲ್ಲಿ ಜಪಾನಿನ ಕ್ಯೋಟೋದಲ್ಲಿ ತಸುಕು ಹೊಂಜೊ ಅವರ ತಂಡ ಪಿಡಿ-1 ಕಂಡುಹಿಡಿದಾಗ, ಕೋಶದ ಸಾವಿಗೆ ಸಂಬಂಧಿಸಿದ್ದೆಂದು ಭಾವಿಸಿ ಇಟ್ಟ ಹೆಸರದು. ಬ್ರೇಕ್ ಎಂದು ಆಮೇಲೆ ಗೊತ್ತಾಯಿತು, 2018ರಲ್ಲಿ ಹೊಂಜೊ ಅವರಿಗೆ ನೊಬೆಲ್ಲೂ ಬಂತು. ಹೆಸರು ಮಾತ್ರ ಹಾಗೇ ಉಳಿದು ದಾವಣಗೆರೆಯ ಒಬ್ಬ ಹೆಣ್ಣುಮಗಳನ್ನು ಅಳಿಸಿತು.

ನಿಜವಾದ ಸಾವಿನ ಪ್ರೋಟೀನುಗಳು ಬೇರೆ. ಗೊದಮೊಟ್ಟೆಯ ಬಾಲ ಕರಗುವುದು, ಹೊಟ್ಟೆಯೊಳಗಿನ ಕೂಸಿನ ಬೆರಳು ಬಿಡಿಯಾಗುವುದು ಅವುಗಳಿಂದಲೇ. ಕೋಶದ ಡಿಎನ್‌ಎ ಸರಿಪಡಿಸಲಾಗದಷ್ಟು ಕೆಟ್ಟರೆ ಪಿ53 ಸಾಯಲು ಹೇಳುತ್ತದೆ, ಬ್ಯಾಕ್ಸ್ ಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯಾಕ್ಕೆ ತೂತು ಕೊರೆಯುತ್ತದೆ, ಕ್ಯಾಸ್ಪೇಸುಗಳು ಒಳಗಿನಿಂದಲೇ ಕೋಶವನ್ನು ಕತ್ತರಿಸುತ್ತವೆ. ಇದಕ್ಕೆ 1972ರಲ್ಲಿ ಇಟ್ಟ ಹೆಸರು ಅಪೊಪ್ಟೋಸಿಸ್, ಗ್ರೀಕಿನಲ್ಲಿ ಎಲೆ ಉದುರುವುದು ಎಂದು. ಬೀಡಿ ಹೊಗೆಯ ಬೆಂಜೊಪೈರೀನ್ ಎಂಬ ರಾಸಾಯನಿಕ ಪಿ53ರ ಜೀನಿಗೇ ಪೆಟ್ಟು ಕೊಡುತ್ತದೆ, ಆಗ ಕೆಟ್ಟ ಕೋಶಕ್ಕೆ ಸಾಯಲು ಹೇಳುವವರಿಲ್ಲ.

"ಹಂಗಾರ ಸಾಯ್ಬೇಕಾದ್ದು ಸಾಯ್ದೇ ಕುಂತೈತಿ ಅನ್ನು," ಅಂದರು ಅತ್ತೆ. ಅಪೊಪ್ಟೋಸಿಸ್ ಪಾಠವನ್ನು ನಾನು ಎಂದೂ ಅಷ್ಟು ಚೊಕ್ಕವಾಗಿ ಹೇಳಿಲ್ಲ.

ಅಷ್ಟೊತ್ತು ಸುಮ್ಮನಿದ್ದ ಮಾವ ಕೇಳಿದರು: "ಬೀಡಿ ಬಿಟ್ರ ಅದು ಸರಿಯಾಗ್ತತೇನವಾ?" ಕೆಟ್ಟ ಕೋಶದ ಜೀನು ರಿಪೇರಿಯಾಗುವುದಿಲ್ಲ, ಆದರೆ ಉಳಿದ ಕೋಶಗಳಿಗೆ ಹೊಸ ಪೆಟ್ಟು ಬೀಳುವುದು ನಿಲ್ಲುತ್ತದೆ, ಬಿಡಲೇಬೇಕು ಅಂದೆ. ಸುಳ್ಳು ಹೇಳಲು ಮನಸ್ಸಾಗಲಿಲ್ಲ.

ಈಗ ಮೂರು ವಾರಕ್ಕೊಮ್ಮೆ ಆ ಬ್ರೇಕ್ ಬಿಡಿಸುವ ಇಮ್ಯುನೋಥೆರಪಿ ಔಷಧಿ ಏರಿಸುತ್ತಿದ್ದಾರೆ. ಬ್ರೇಕ್ ಬಿಟ್ಟ ಟಿ-ಕೋಶ ಒಳ್ಳೆಯ ಶ್ವಾಸಕೋಶಕ್ಕೂ ಥೈರಾಯ್ಡಿಗೂ ಕೈಹಾಕಬಹುದು. ಹೊಸ ಕೆಮ್ಮು, ಏದುಸಿರು, ಭೇದಿ ಕಂಡರೆ ಅವತ್ತೇ ಡಾಕ್ಟರಿಗೆ ಫೋನ್ ಮಾಡಬೇಕು. ಅತ್ತೆ ಅದನ್ನು ಕ್ಯಾಲೆಂಡರಿನ ಮೇಲೆ ನನ್ನ ಕೈಯಲ್ಲೇ ಬರೆಸಿಕೊಂಡರು, ದಪ್ಪ ಅಕ್ಷರದಲ್ಲಿ.