ಅವ್ವ ಕೇಳಿದ್ದು

ಪಂಚಮಿಗೆ ಅವ್ವ ಧಾರವಾಡದಿಂದ ಶೇಂಗಾ ಉಂಡಿ ಕಳಿಸಿದ್ದಳು. ನಾಲ್ಕು ಉಂಡಿ ತಗೊಂಡು ಪಕ್ಕದ ಮನೆ ಕಾಕೂಗೆ ಕೊಡಲು ಹೋದೆ. "ದಿವಸಭರ್ ಲೇಸರ್ ಘೇವೂನ್ ಕಾಯ್ ಕರ್ತೋಸ್ ರೇ?" ಅಂತ ಕೇಳಿದರು. ಇಡೀ ದಿನ ಲೇಸರ್ ಹಿಡಕೊಂಡು ಏನು ಮಾಡ್ತೀಯೋ ಅಂತ. ಬಾಗಿಲಲ್ಲೇ ನಿಂತು ಮರಾಠಿಯಲ್ಲಿ ಹೇಳಿದೆ. ಅವರಿಗೆ ತಿಳಿಯಿತು.

ಸಂಜೆ ಫೋನಿನಲ್ಲಿ ಅವ್ವನಿಗೆ ಇದನ್ನು ಹೇಳಿದೆ. "ಹಂಗಾರ ನನಗೂ ಹೇಳಪಾ" ಅಂದಳು. ಬಾಯಿ ತೆರೆದರೆ ಫೋನಾನ್, ಲ್ಯಾಟಿಸ್ ಅಂತ ಬರೀ ಇಂಗ್ಲಿಷ್. ನಾಲ್ಕು ವಾಕ್ಯಕ್ಕೆ ನಿಂತುಬಿಟ್ಟೆ. "ಇರ್ಲಿ ಬಿಡು, ನಮಗೇನ್ ತಿಳೀತದ" ಅಂದಳು.

ಆ ಮಾತು ರಾತ್ರಿಯೆಲ್ಲ ಚುಚ್ಚಿತು. ಪುಣೆಗೆ ಬಂದು ಒಂಬತ್ತು ವರ್ಷ. ಅವ್ವನ ಜೊತೆ ಊಟ, ಮಳೆ, ಯಾರದೋ ಮದುವೆ, ಇಷ್ಟೇ ಮಾತು. ನಮ್ಮಲ್ಲಿ ಓದಿದ ಮಕ್ಕಳು ಮನೆಯವರಿಗೆ ಸಂಬಳ ಹೇಳುತ್ತೇವೆ, ಕೆಲಸ ಹೇಳುವುದಿಲ್ಲ. ನಾನು ಲೇಸರ್ ಹಾಯಿಸಿ ನೋಡುವ ಹರಳಿನಲ್ಲಿ ಯಿಟ್ರಿಯಂ, ಬೇರಿಯಂ, ತಾಮ್ರ, ಆಕ್ಸಿಜನ್ ಇವೆ. ಈ ಬಗೆಯ ಹರಳನ್ನು 1987ರಲ್ಲೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್.ಆರ್. ರಾವ್ ಅವರ ತಂಡ ಮಾಡಿತ್ತು. ನಮ್ಮ ನಾಡಿನಲ್ಲೇ ಬೆಂದ ವಸ್ತು ಅದು. ಅವ್ವನಿಗೆ ಹೇಳಲು ನನಗೆ ಮಾತಿಲ್ಲ ಅಂದರೆ ಹೇಗೆ?

ನಿದ್ದೆ ಬರದೆ ಬಿದ್ದುಕೊಂಡಾಗ ಹಿತ್ತಲಿನ ಬೇವಿನ ಗಿಡ ನೆನಪಾಯಿತು. ಪಂಚಮಿ ಜೋಕಾಲಿ ಕಟ್ಟುತ್ತಿದ್ದದ್ದು ಅದಕ್ಕೇ. ಅಕ್ಕ ನಿಂತುಕೊಂಡು ಜೀಕುವಾಗ ಹಗ್ಗ ಕಿರ್ ಅನ್ನುತ್ತಿತ್ತು, ಎಲೆ ಉದುರಿ ನಮ್ಮ ತಲೆ ಮೇಲೆ ಬೀಳುತ್ತಿತ್ತು. ಜೋರಾಗಿ ಜೀಕಿದಷ್ಟೂ ಟೊಂಗೆ ಜಾಸ್ತಿ ಬಾಗುತ್ತಿತ್ತು. ಅರೆ, ಇದೇ ಅಲ್ವಾ!

ಮರುದಿನ ಮತ್ತೆ ಫೋನ್ ಮಾಡಿದೆ.

"ಅವ್ವಾ, ಕೆಲವು ಹರಳಿನೊಳಗ ಕರೆಂಟು ಒಂಚೂರೂ ಸೋರದಂಗ ಹರೀತದ. ಆದರ ಭಾಳ ಥಂಡಿ ಬೇಕು. ನಮ್ಮ ಹರಳಿಗೆ ಮೈನಸ್ 180 ಡಿಗ್ರಿ."

"ಅಷ್ಟು ಥಂಡೀನ?"

"ಹೂಂ. ಅದರಾಗ ಆಕ್ಸಿಜನ್ ಪರಮಾಣು ಜೋಕಾಲಿ ಇದ್ದಂಗ. ಲೇಸರ್ ಬೆಳಕನ್ನ ಅದರ ತಾಳಕ್ಕ ಸರಿಯಾಗಿ ಹೊಡೀಬೇಕು, ಅಕ್ಕ ಜೀಕ್ತಿದ್ದಳಲ್ಲ ಹಂಗ. ಅದು ಜೋರು ತೂಗಿದರ ಇಡೀ ಹರಳು ಬಾಗತದ, ಬೇವಿನ ಟೊಂಗಿ ಬಾಗಿದಂಗ."

ಜರ್ಮನಿಯ ಹ್ಯಾಂಬರ್ಗಿನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ತಂಡ ಇದನ್ನು ಅಳೆದು 2014ರಲ್ಲಿ ಪ್ರಕಟಿಸಿತು. ಈ ಹರಳಿನಲ್ಲಿ ತಾಮ್ರ-ಆಕ್ಸಿಜನ್ ಪದರಗಳು ಜೋಡಿ ಜೋಡಿಯಾಗಿ ಇರುತ್ತವೆ. ಬೆಳಕು ಬಿದ್ದಾಗ ಪ್ರತಿ ಜೋಡಿ ಸುಮಾರು 2 ಪಿಕೋಮೀಟರ್ ದಪ್ಪವಾಗುತ್ತದೆ, ಜೋಡಿಗಳ ನಡುವಿನ ಸಂದು ಅಷ್ಟೇ ಕಿರಿದಾಗುತ್ತದೆ. ಒಂದು ಪಿಕೋಮೀಟರ್ ಅಂದರೆ ಮೀಟರಿನಲ್ಲಿ ಲಕ್ಷ ಕೋಟಿಯ ಒಂದು ಪಾಲು. ಅಷ್ಟು ಸಣ್ಣ ಬಾಗುವಿಕೆಗೆ ಹರಳು ಕೋಣೆಯ ಬಿಸಿಯಲ್ಲೂ ಕೆಲವು ಪಿಕೋಸೆಕೆಂಡು (ಸೆಕೆಂಡಿನಲ್ಲಿ ಲಕ್ಷ ಕೋಟಿಯ ಕೆಲವೇ ಪಾಲು) ಸೂಪರ್‌ಕಂಡಕ್ಟರಿನ ಲಕ್ಷಣ, ಅಂದರೆ ಕರೆಂಟು ಸೋರದೆ ಹರಿಯುವ ಗುಣ, ತೋರಿತು. ಅದನ್ನು ನಿಜವಾದ ಸೂಪರ್‌ಕಂಡಕ್ಟರ್ ಅನ್ನಬಹುದಾ ಅಂತ ವಾದ ಇದೆ. ಅದನ್ನೂ ಅವ್ವನಿಗೆ ಹೇಳಿದೆ, ಮುಚ್ಚಿಡಲಿಲ್ಲ.

ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಜೀಕೋದು ನಿಲ್ಲಿಸಿದ ಮ್ಯಾಲೆ?"

"ಟೊಂಗಿ ಮ್ಯಾಲೆ ಹೋಗತದ ಅವ್ವಾ. ಎಲ್ಲಾ ಮುಗೀತು."

"ಮತ್ತ, ನಿಲ್ಲಿಸದಂಗ ಜೀಕೋದು ಹೆಂಗಂತ ನೋಡ್ರಿ ನೀವು" ಅಂದಳು.