ರಾಟೆ ನಿಂತ ಜಾಗ

ನಿನ್ನೆ ರಾತ್ರಿ ಒಂದು ಕಛೇರಿಯ ವಿಡಿಯೋ ನೋಡಿದೆ. ಒಬ್ಬ ಸೊಪ್ರಾನೋ ಗಾಯಕಿ, ಒಂದು ಪಿಯಾನೋ, ಅಷ್ಟೇ. ಮೈಕ್ ಕೂಡ ಇಲ್ಲ. ಹೆಂಗಸರ ದನಿಯಲ್ಲಿ ಎಲ್ಲಕ್ಕಿಂತ ಮೇಲಿನ ಸ್ಥಾಯಿಯವರಿಗೆ ಸೊಪ್ರಾನೋ ಅನ್ನುತ್ತಾರೆ.

ಮನಸ್ಸಲ್ಲಿ ಕೂತದ್ದು ಆಸ್ಟ್ರಿಯಾದ ಸಂಗೀತ ರಚನಕಾರ ಶೂಬರ್ಟ್‌ನ ಒಂದು ಹಾಡು. ಜರ್ಮನ್ ಕವಿ ಗಯಟೆಯ ‘ಫೌಸ್ಟ್’ ನಾಟಕದ ಹುಡುಗಿ ಗ್ರೆಚೆನ್ ರಾಟೆಯಲ್ಲಿ ನೂಲುತ್ತಾ ಹಾಡುವ ಪದ್ಯ ಅದು. 1814ರಲ್ಲಿ ಅದಕ್ಕೆ ರಾಗ ಹಾಕಿದಾಗ ಶೂಬರ್ಟ್‌ಗೆ ಬರೀ 17 ವರ್ಷ! ಪಿಯಾನೋದ ಬಲಗೈ ರಾಟೆಯಾಗಿ ಸುತ್ತುತ್ತಲೇ ಇರುತ್ತದೆ. ಹುಡುಗಿ ಬಿಟ್ಟುಹೋದ ಪ್ರಿಯಕರನ ನಡಿಗೆ, ನಗು, ಮಾತು ಎಲ್ಲ ನೆನೆಯುತ್ತಾಳೆ. ದನಿ ಏರುತ್ತದೆ. ಅವನ ಮುತ್ತು ನೆನಪಾದದ್ದೇ ತಡ, ರಾಟೆ ನಿಂತೇ ಬಿಡುತ್ತದೆ. ಆಮೇಲೆ ಪಿಯಾನೋ ಸ್ವಲ್ಪ ತಿರುಗಿಸಿ ನೋಡುತ್ತದೆ, ತಡೆಯುತ್ತದೆ, ಮತ್ತೆ ತಿರುಗಿಸುತ್ತದೆ. ಅವಳ ಬಾಯಲ್ಲಿ ಆಗ ಒಂದು ಮಾತೂ ಇಲ್ಲ. ನನಗೆ ಗಂಟಲು ಕಟ್ಟಿತು.

ನಮ್ಮ ಕಾಸರಗೋಡು, ಕುಂಬಳೆ ಕಡೆ ಯಕ್ಷಗಾನದ ಆಟ, ತಾಳಮದ್ದಳೆ ಕೇಳಿ ಬೆಳೆದವರಿಗೆ ಇದು ಬೇಗ ಹಿಡಿಸುತ್ತದೆ ಅಂತ ನನ್ನ ನಂಬಿಕೆ. ಭಾಗವತರ ಪದಕ್ಕೆ ಮದ್ದಳೆ ಸುಮ್ನೆ ತಾಳ ಹಿಡಿಯುವುದಿಲ್ಲ, ಪಾತ್ರದ ಒಳಗಿನ ತಳಮಳವನ್ನೂ ನುಡಿಸುತ್ತದೆ ಅಲ್ವಾ? ಹಾಗಾಗಿ ಪಿಯಾನೋ ನುಡಿಸಿದವರನ್ನು ಬರೀ ಪಕ್ಕವಾದ್ಯದವರು ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಅರ್ಧ ಕಥೆ ಹೇಳಿದ್ದೇ ಅವರು.

ಶೂಬರ್ಟ್ ಬದುಕಿದ್ದು 31 ವರ್ಷ. ಬರೆದ ಹಾಡುಗಳು 600ಕ್ಕೂ ಜಾಸ್ತಿ. ಇನ್ನು ಯಾವುದನ್ನು ಕೇಳಲಿ? ಗೊತ್ತಿದ್ದವರು ದಯವಿಟ್ಟು ಹೇಳಿ.