ಯಾವ ಸೆಂಟ್, ಯಾವ ಮಿಸ್ಟ್

ಜುಲೈ ತಿಂಗಳು, ಮೂರು ದಿನದಿಂದ ಬಿಡದೆ ಹೊಡೀತಾ ಇತ್ತು ಮಳೆ. ಡಿಸಿ ರಜೆ ಕೊಟ್ಟಿದ್ದಾರೆ ಅಂತ ಬೆಳಿಗ್ಗೆ ವಾಟ್ಸಾಪಲ್ಲಿ ಬಂತು, ಆಮೇಲೆ ಟವರ್ ಹೋಯ್ತು, ಕರೆಂಟಂತೂ ಹಿಂದಿನ ದಿನಾನೇ ಹೋಗಿತ್ತು. ಸೋಮವಾರಪೇಟೆ ಕಡೆಯವರಿಗೆ ಇದೇನು ಹೊಸದಲ್ಲ. ಆದ್ರೆ ರಜೆ ಸಿಕ್ಕಿದ್ರೂ ಮಗಳ ಮುಖದಲ್ಲಿ ಖುಷಿ ಇರ್ಲಿಲ್ಲ, ಒಲೆ ಹತ್ರ ಸುಮ್ನೆ ಕೂತಿದ್ಲು. ಏನಾಯ್ತು ಪುಟ್ಟಿ ಅಂದ್ರೆ ಇಂಗ್ಲಿಷ್ ಡಿಕ್ಟೇಶನ್ ಬುಕ್ ತಂದು ಮುಂದೆ ಇಟ್ಲು. ಹತ್ತಕ್ಕೆ ಏಳು.

"ಮಿಸ್ಸು ಮಿಸ್ಟ್ ಅಂದ್ರು ಅಪ್ಪಾ, ನಾನು ಮಿಸ್ಟ್ ಅಂತಾನೇ ಬರ್ದೆ" ಅಂದ್ಲು, ಕಣ್ಣಲ್ಲಿ ನೀರು.

ಅವಳು ಬರೆದಿದ್ದು ಎಂ ಐ ಎಸ್ ಟಿ. ಅಂದ್ರೆ ಮಂಜು. ಅದಕ್ಕೆ ಕೆಂಪು ಇಂಟು ಹಾಕಿ ಮೇಲೆ ಎಂ ಐ ಎಸ್ ಎಸ್ ಇ ಡಿ ಅಂತ ಬರೆದಿದ್ರು, ಬಸ್ಸು ತಪ್ಪಿಹೋಯ್ತು ಅಂತೀವಲ್ಲ ಆ ಮಿಸ್ಡ್. ಕನ್ನಡದಲ್ಲಿ ಬರೆಯುವಾಗ ನಾವು ಡ ಹಾಕ್ತೀವಿ, ಆದ್ರೆ ಇಂಗ್ಲಿಷಲ್ಲಿ ಬಾಯಿಬಿಟ್ಟು ಹೇಳಿದ್ರೆ ಕೊನೆಗೆ ಬರೋದು ಟ ಶಬ್ದಾನೇ, ಎರಡೂ ಒಂದೇ ತರ ಕೇಳಿಸುತ್ತೆ. ಮಿಸ್ಸು ಉಚ್ಚಾರ ಸರಿಯಾಗೇ ಮಾಡಿದ್ದಾರೆ, ಇವಳೂ ಕೇಳಿದ್ದನ್ನ ಸರಿಯಾಗೇ ಬರೆದಿದ್ದಾಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಿಟಕಿ ತೆಗೆದ್ರೆ ಮಂಜು ಒಳಗೇ ಬರೋ ಮನೆಯಲ್ಲಿ ಬೆಳೆದ ಮಗು ಆ ಶಬ್ದ ಕೇಳಿ ಮೊದಲು ಇನ್ನೇನನ್ನ ನೆನೆಸ್ಕೊಳ್ಳಬೇಕಿತ್ತು? ಪಾಠದಲ್ಲಿ ಇದ್ದ ಪದ ಅದು, ಓದ್ಕೊಂಡು ಹೋಗ್ಬೇಕಿತ್ತು ಅನ್ನೋ ಮಾತನ್ನ ಒಪ್ಪುತ್ತೇನೆ, ಆದ್ರೂ ಆ ಇಂಟು ನೋಡಿ ನನಗೆ ಸಂಕಟ ಆಯ್ತು.

ಅದಕ್ಕೆ ಕಾರಣಾನೂ ಉಂಟು. ನಾನು ಒಂದು ಕಾಫಿ ತೋಟದಲ್ಲಿ ರೈಟರ್, ಹಾಜರಿ ಪುಸ್ತಕ, ಗೊಬ್ಬರದ ಲೆಕ್ಕ, ಮಳೆ ಲೆಕ್ಕ ಎಲ್ಲ ನನ್ನ ಕೈಲಿರುತ್ತೆ. ಕೆಲಸಕ್ಕೆ ಸೇರಿದ ವರ್ಷ ಒಂದು ನರ್ಸರಿಗೆ ಮೆಣಸಿನ ಬಳ್ಳಿ ಬೇಕು ಅಂತ ಇಂಗ್ಲಿಷಲ್ಲಿ ಪತ್ರ ಬರೆದಿದ್ದೆ. ವೈನ್ ಅಂತ ಬರೆಯುವಾಗ ಬಳ್ಳಿಯ ವೈನ್‌ಗೆ ವಿ ಹಾಕೋ ಬದಲು ಡಬ್ಲ್ಯೂ ಹಾಕಿದ್ದೆ, ಅದು ಕುಡಿಯೋ ವೈನ್ ಆಗ್ಬಿಡ್ತು. ನರ್ಸರಿಯವರಿಗೆ ಅರ್ಥ ಆಗಿ ಬಳ್ಳಿನೇ ಕಳಿಸಿದ್ರು, ಆದ್ರೆ ಆ ಪತ್ರದ ಕಾಪಿನ ತೋಟದ ಮೇಲಿನವರು ಒಬ್ರು ಎಲ್ಲರ ಮುಂದೆ ಓದಿದ್ರು. ತಿಂಗಳುಗಟ್ಟಲೆ ನಾನು ಇಂಗ್ಲಿಷಲ್ಲಿ ಒಂದು ಸಾಲು ಬರೀಲಿಕ್ಕೂ ಹಿಂದೆಮುಂದೆ ನೋಡ್ತಿದ್ದೆ. ಇಂಗ್ಲಿಷಿನವರಿಗೆ ಆ ಎರಡು ಬೇರೆ ಬೇರೆ ಶಬ್ದ, ವಿ ಅನ್ನೋವಾಗ ಮೇಲಿನ ಹಲ್ಲು ಕೆಳತುಟಿಗೆ ತಾಗುತ್ತೆ, ಡಬ್ಲ್ಯೂಗೆ ತುಟಿ ದುಂಡಗಾಗುತ್ತೆ. ನಮಗೆ ಇರೋದು ಒಂದೇ ವ. ಸಿಲ್ವರ್ ಓಕ್ ಮರಕ್ಕೆ ಹಬ್ಬಿದ್ದೂ ವೈನ್, ಮಡಿಕೇರಿ ಅಂಗಡಿಗಳಲ್ಲಿ ಹೋಂ ಮೇಡ್ ಅಂತ ಬೋರ್ಡ್ ಹಾಕಿ ಮಾರೋದೂ ವೈನ್. ದನದ ಡಾಕ್ಟ್ರು ವೆಟ್, ಒದ್ದೆ ಆದ್ರೂ ವೆಟ್. ಒಂದೇ ಥರ ಕೇಳಿಸೋ ಪದಗಳು ಅಂತ ಇಂಗ್ಲಿಷ್ ಪುಸ್ತಕಗಳು ಕೊಡೋ ಪಟ್ಟಿಯಲ್ಲಿ ಈ ಜೋಡಿಗಳು ಸಾಮಾನ್ಯವಾಗಿ ಸಿಗಲ್ಲ, ಯಾಕಂದ್ರೆ ಇವು ನಮ್ಮಂಥವರ ಬಾಯಲ್ಲಿ ಮಾತ್ರ ಒಂದಾಗೋದು.

ಮಳೆ ಅಳೆಯೋ ಹೊತ್ತಾಯ್ತು. ಬಾ ನನ್ನ ಜೊತೆ ಅಂತ ಮಗಳನ್ನೂ ಕರ್ಕೊಂಡು ಹೊರಟೆ, ಅವಳು ಪ್ಲಾಸ್ಟಿಕ್ ಕೊಪ್ಪೆ ಹಾಕ್ಕೊಂಡು ಜಿಗಣೆಗೆ ಹೆದರ್ಕೊಂಡು ಹಿಂದೆ ಬಂದ್ಲು. ರೇನ್‌ಗೇಜಿಂದ ನೀರು ಗ್ಲಾಸಿಗೆ ಸುರಿದು ನೋಡಿದ್ರೆ 3 ಇಂಚು 20 ಸೆಂಟ್. ಬಾಯಲ್ಲಿ ಹೇಳ್ಕೊಂಡು ಬರೀತಾ ಇದ್ದೆ, ಅವಳು ತಟ್ಟಂತ ಕೇಳಿದ್ಲು, "ಅಪ್ಪಾ, ಸೆಂಟ್ ಅಂದ್ರೆ ಜಾಗದ್ದಲ್ವಾ, ನಮ್ಮನೆ ಹನ್ನೆರಡು ಸೆಂಟಲ್ಲಿ ಇರೋದು ಅಂತ ಅಜ್ಜಿ ಹೇಳ್ತಾರಲ್ಲ?"

ಇಷ್ಟು ವರ್ಷ ದಿನಾ ಬರೆದ ಪದ, ನಾನು ಯಾವತ್ತೂ ಹಾಗೆ ಯೋಚನೆ ಮಾಡಿರ್ಲಿಲ್ಲ. ಅಲ್ಲೇ ಮಳೆಯಲ್ಲೇ ನಿಂತು ಹೇಳಿದೆ. ನೂರು ಸೆಂಟ್ ಜಾಗ ಸೇರಿದ್ರೆ ಒಂದು ಎಕರೆ, ನೂರು ಸೆಂಟ್ ಮಳೆ ಸೇರಿದ್ರೆ ಒಂದು ಇಂಚು, ನೂರಲ್ಲಿ ಒಂದು ಪಾಲು ಅನ್ನೋದೇ ಅದರ ಅರ್ಥ, ಹಾಗಾಗಿ ಎರಡಕ್ಕೂ ಸ್ಪೆಲಿಂಗ್ ಒಂದೇ, ಸಿ ಇ ಎನ್ ಟಿ. "ಮತ್ತೆ ಚಿಕ್ಕಮ್ಮ ಮದುವೆಗೆ ಹೋಗುವಾಗ ಹಾಕ್ಕೊಳ್ಳೋ ಸೆಂಟ್?" ಅಂದ್ಲು. ಅದು ಎಸ್ ಸಿ ಇ ಎನ್ ಟಿ. ಮೆಸೇಜ್ ಕಳಿಸಿ ಆಯ್ತು ಅನ್ನೋ ಸೆಂಟ್‌ಗೆ ಸಿ ಇಲ್ಲ, ಬರೀ ಎಸ್ ಇ ಎನ್ ಟಿ. ಸುವಾಸನೆಯ ಸೆಂಟ್‌ಗೆ ಆ ಸಿ ಯಾಕೆ ಅಂತ ನನಗೂ ಹಿಂದೆ ಅನುಮಾನ ಇತ್ತು, ದೊಡ್ಡ ಡಿಕ್ಷನರಿ ತೆಗೆದು ನೋಡಿದ್ದೆ. ಫ್ರೆಂಚಿಂದ ಬಂದ ಪದ ಅದು, ಮೊದಲು ಸಿ ಇಲ್ಲದೇನೇ ಬರೀತಿದ್ರಂತೆ, 17ನೇ ಶತಮಾನದಲ್ಲಿ ಯಾರೋ ಸೇರಿಸಿದ್ದು ಹಾಗೇ ಉಳ್ಕೊಂಡಿದೆ. ಅಂದ್ರೆ ಆ ಸಿ ಕಿವಿಗೆ ಕೇಳಿಸಲ್ಲ ಅಂದ್ರೆ ಅದು ಮಗುವಿನ ಕಿವಿಯ ದೋಷ ಅಲ್ಲ.

ಎಲ್ಲವೂ ಹೀಗೆ ಆಮೇಲೆ ಸೇರಿಸಿದ್ದಲ್ಲ. ಮಾಂಸದ ಮೀಟ್, ಭೇಟಿಯ ಮೀಟ್ ಎರಡೂ ಒಂದು ಕಾಲದಲ್ಲಿ ಬೇರೆ ಬೇರೆ ಥರ ಕೇಳಿಸ್ತಿದ್ದವು. ಇಂಗ್ಲೆಂಡಲ್ಲಿ 1476ರಲ್ಲಿ ಕ್ಯಾಕ್ಸ್‌ಟನ್ ಅನ್ನೋರು ಪುಸ್ತಕ ಅಚ್ಚು ಹಾಕೋ ಮೊದಲ ಪ್ರೆಸ್ ಹಾಕಿದ ಮೇಲೆ ನಿಧಾನವಾಗಿ ಸ್ಪೆಲಿಂಗ್ ಗಟ್ಟಿಯಾಗ್ತಾ ಹೋಯ್ತು, ಬಾಯಿ ಮಾತ್ರ ಬದಲಾಗ್ತಾನೇ ಇತ್ತು, ಕೊನೆಗೆ ಶಬ್ದ ಒಂದಾಗಿ ಬರಹ ಎರಡಾಗೇ ಉಳೀತು. ಯೋಧನ ನೈಟ್‌ಗೆ ಮುಂದೆ ಇರೋ ಕೆ ಕೂಡ ಹಿಂದೆ ಬಾಯಲ್ಲಿ ಇದ್ದಿದ್ದೇ. ಮಗಳಿಗೆ ಇದು ತುಂಬಾ ಹಿಡಿಸ್ತು, ಮನೆಗೆ ಬರೋವರೆಗೂ ಕ್ನೈಟ್ ಕ್ನೈಟ್ ಅಂತಾನೇ ಬಂದ್ಲು.

ಮಧ್ಯಾಹ್ನ ಅವಳ ಅಮ್ಮ ಅಕ್ಕಿರೊಟ್ಟಿ ತಟ್ತಾ ಇದ್ಲು, ನಾವಿಬ್ರೂ ಬುಕ್ ಹಿಡ್ಕೊಂಡು ಕೂತ್ವಿ. ಒಂದೊಂದು ಪದಕ್ಕೂ ನಮ್ಮನೆ ಸುತ್ತ ಇರೋದನ್ನೇ ಹುಡುಕಿದ್ವಿ. ಡ್ಯೂ ಅಂದ್ರೆ ಡಿಸೆಂಬರಲ್ಲಿ ಕಾಫಿ ಎಲೆ ಮೇಲೆ ನಿಲ್ಲೋ ಇಬ್ಬನಿ, ಸೊಸೈಟಿ ಸಾಲ ಕಟ್ಟೋ ಡ್ಯೂ ಬೇರೆ. ರೂಟ್ ಅಂದ್ರೆ ಗಿಡದ ಬೇರು, ಬಸ್ಸಿನ ರೂಟ್ ಬೇರೆ. ಹಿಟ್ಟಿಗೆ ನಾವು ಫ್ಲೋರ್ ಅಂತೀವಲ್ಲ, ಅದರ ನಿಜವಾದ ಉಚ್ಚಾರ ಹೂವಿನ ಫ್ಲವರ್ ಥರಾನೇ, ಹಿಂದೆ ಎರಡೂ ಒಂದೇ ಪದ ಆಗಿತ್ತು, ಗೋಧಿಯ ಹೂವು ಅಂದ್ರೆ ಅದರ ಒಳ್ಳೇ ಭಾಗ ಅಂತ. ಇದನ್ನ ಹೇಳಿದಾಗ ನನ್ನ ಹೆಂಡ್ತಿ ಕೈಯಲ್ಲಿದ್ದ ಹಿಟ್ಟು ನೋಡಿ ಎಷ್ಟು ಚೆನ್ನಾಗಿದೆ ಈ ಮಾತು ಅಂದ್ಲು.

ಅಷ್ಟೊತ್ತಿಗೆ ಮಗಳಿಗೆ ಧೈರ್ಯ ಬಂದಿತ್ತು, ಅಜ್ಜಿಗೇ ಡಿಕ್ಟೇಶನ್ ಕೊಡ್ತೀನಿ ಅಂತ ಹಠ ಹಿಡಿದ್ಲು. "ಅಜ್ಜಿ, ನೆರೆ ಅಂದ್ರೆ ಏನು ಹೇಳಿ."

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ರು. 2018ರ ಆಗಸ್ಟಲ್ಲಿ ಹಟ್ಟಿಹೊಳೆ, ಮಾದಾಪುರದ ಕಡೆ ಗುಡ್ಡ ಕುಸಿದಾಗ ನಮ್ಮ ನೆಂಟರು ಮನೆ ಬಿಟ್ಟು ಉಟ್ಟ ಬಟ್ಟೆಯಲ್ಲಿ ಇಲ್ಲಿಗೆ ಬಂದಿದ್ರು, ಅವರನ್ನ ನಡುರಾತ್ರಿ ಕರ್ಕೊಂಡು ಬಂದಿದ್ದು ಅವರ ಪಕ್ಕದ ಮನೆಯವರು. "ಯಾವ ನೆರೆ ಮಗಾ?" ಅಂದ್ರು ಅಮ್ಮ, "ಹೊಳೆ ನೆರೆನೋ, ನೆರೆಮನೆಯ ನೆರೆನೋ?"

ನನಗೆ ಬೆಳಗಿಂದ ಹೇಳೋಕೆ ಬಾರದೆ ಇದ್ದ ಮಾತು ಅದೇ. ಮೂರನೇ ಕ್ಲಾಸು ಓದಿದ ಅಮ್ಮನಿಗೆ ಯಾವುದು ಅಂತ ಕೇಳ್ಬೇಕು ಅನ್ನಿಸ್ತು, ಕೇಳಿದ್ರು. ಡಿಕ್ಟೇಶನ್‌ನಲ್ಲಿ ಮಗುವಿಗೆ ಹಾಗೆ ಕೇಳೋಕೆ ಬಿಡಲ್ಲ, ಜೊತೆಗೆ ವಾಕ್ಯಾನೂ ಹೇಳಲ್ಲ. ವಾಕ್ಯ ಇಲ್ದೆ ಆ ಶಬ್ದ ಯಾವುದು ಅಂತ ಇಂಗ್ಲೆಂಡಲ್ಲೇ ಹುಟ್ಟಿದವರಿಗೂ ತಿಳಿಯೋಕೆ ದಾರಿ ಇಲ್ಲ.

ಆ ರಾತ್ರಿ ಕ್ಯಾಂಡಲ್ ಹಚ್ಕೊಂಡು ಮಿಸ್ಸಿಗೆ ಒಂದು ಚೀಟಿ ಬರೆದೆ, ಕನ್ನಡದಲ್ಲೇ. ಮಾರ್ಕ್ಸ್ ಬೇಡ ಮೇಡಂ, ಹೀಗೆ ಒಂದೇ ಥರ ಕೇಳಿಸೋ ಪದ ಬಂದಾಗ ದಯವಿಟ್ಟು ಒಂದು ಸಣ್ಣ ವಾಕ್ಯಾನೂ ಹೇಳಿ, ಇಲ್ಲಿನ ಮಕ್ಕಳಿಗೆ ಮಂಜು ಮೊದಲು ನೆನಪಾಗುತ್ತೆ, ಅಂತ.

ಶಾಲೆ ಶುರುವಾಗಿ ಎರಡು ದಿನಕ್ಕೆ ಚೀಟಿಯ ಹಿಂದೆಯೇ ಉತ್ತರ ಬಂತು, "ಸರಿ, ನಾನು ಇದನ್ನ ಯೋಚಿಸಿರಲಿಲ್ಲ" ಅಂತ. ಮುಂದಿನ ವಾರದ ಡಿಕ್ಟೇಶನಲ್ಲಿ ಪ್ರತಿ ಪದಕ್ಕೂ ವಾಕ್ಯ ಹೇಳಿದ್ರಂತೆ. ಹತ್ತಕ್ಕೆ ಒಂಬತ್ತು ಬಂತು. ತಪ್ಪಾಗಿದ್ದು ವೆದರ್. ಹವಾಮಾನದ್ದು ಕೇಳಿದ್ದು ಅಂತ ಗೊತ್ತಿತ್ತು ಅಪ್ಪಾ, ಎ ಹಾಕೋದು ಮರ್ತೋಯ್ತು ಅಂದ್ಲು. ಅದು ಅವಳದ್ದೇ ತಪ್ಪು, ಐದು ಸಲ ಬರೆಸಿದೆ, ಗೊಣಗದೆ ಬರೆದ್ಲು.